ಬಣ್ಣದ ಮೂಲಪಾಠ

ಹಳೆಯ ವಸ್ತುವನ್ನು ಮೊದಲಿದ್ದಂತೆಯೇ ಮಾಡಬೇಕೆಂದು ಹೊರಟವರು ಮೊದಲು ಅದು ಹೇಗಿತ್ತೆಂಬುದನ್ನು ನಿರ್ಣಯಿಸಬೇಕಾಗುತ್ತದೆ. ಈ ನಿರ್ಣಯ ತೋರುವಷ್ಟು ಸುಲಭವಲ್ಲ. ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳ ಬಣ್ಣವನ್ನೇ ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ತಮ್ಮ ಮುಂದಿಡಬಯಸುತ್ತೇನೆ.

ಪಿಕಪ್ಪು ದುಡಿಮೆಯ ವಾಹನ. ಹುಲ್ಲು, ಕಾಳು, ಮರಮುಟ್ಟುಗಳನ್ನು ಹೊತ್ತು, ಬಿಸಿಲುಮಳೆಗಳಲ್ಲಿ ನಿಂತು, ಅದು ಒಡೆಯನಿಂದ ಒಡೆಯನಿಗೆ ಸಾಗಿರುತ್ತದೆ. ಒಬ್ಬೊಬ್ಬನೂ ತನಗೆ ದೊರೆತ ಬಣ್ಣವನ್ನು ಮೇಲೆ ಬಳಿದಿರುತ್ತಾನೆ. 1967ರಿಂದ 1972ರವರೆಗಿನ ಫೋರ್ಡ್ ಟ್ರಕ್ಕಾದರೆ ಚಾಲಕನ ಬಾಗಿಲಿನ ತಗಡುಪಟ್ಟಿಯಲ್ಲಿ ಬಣ್ಣದ ಸಂಕೇತವಿರುತ್ತದೆ. 1947ರಲ್ಲಿ ಹೊಸ ರೂಪದಲ್ಲಿ ಬಂದ ಷೆವರ್ಲೆ ಟ್ರಕ್ಕಿನ ಪಟ್ಟಿಯಾದರೋ ಬಣ್ಣದ ವಿಷಯದಲ್ಲಿ ಮೌನ. ‘ಫಾರೆಸ್ಟರ್ ಗ್ರೀನ್’ ಎಂಬ ಕಡುಹಸಿರು ಆ ಟ್ರಕ್ಕುಗಳ ರೂಢಿಯ ಬಣ್ಣವಾಗಿತ್ತು. ಆದರೆ ಬೇರೆ ಬಣ್ಣ ಬೇಡಿದವರಿಗೆ ಅದೂ ದೊರೆಯುತ್ತಿತ್ತು. ಆದುದರಿಂದ ವಾಹನವನ್ನೇ ಕೇಳಬೇಕು.

ಕೇಳುವ ಕ್ರಮ ಹೀಗೆ: ನಾಣ್ಯದಗಲದ ಒಂದೆಡೆಯನ್ನು ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಬೇಕು. ಆಗ ಪದರಗಳು ಮರದ ಕಾಂಡದ ಉಂಗುರಗಳಂತೆ ಕಾಣಿಸಿಕೊಳ್ಳುತ್ತವೆ. ನಡುವೆ ಲೋಹ, ಅದರ ಸುತ್ತ ತಳಬಣ್ಣ, ಅದಕ್ಕೆ ತಾಗಿದ ಉಂಗುರವೇ ಸಾಮಾನ್ಯವಾಗಿ ಕಾರ್ಖಾನೆಯದು. ಆದರೆ ಒಂದು ಸಾಕ್ಷಿ ಸಾಲದು. ಬಾಗಿಲು ಮತ್ತೊಂದು ಟ್ರಕ್ಕಿನಿಂದ ಬಂದಿರಬಹುದು. ಹಿಂದೊಮ್ಮೆ ಯಾರೋ ಲೋಹದವರೆಗೂ ಕೆರೆದಿರಬಹುದು. ಆಸನದ ಅಡಿ, ಬಾಗಿಲಿನ ಕೀಲುಗಳ ಸಂದು, ಚಾಲಕನ ಮುಂದಿನ ಫಲಕದ ಹಿಂಬದಿ, ಕೋಣೆಯೊಳಗೇ ಇಂಧನದ ತೊಟ್ಟಿಯಿದ್ದರೆ ಅದರ ಹಿಂದಿನ ಗೋಡೆ—ಇವುಗಳ ನುಡಿ ಒಂದಾಗಬೇಕು. ಹಲವು ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಸಂಪಾದಕನ ಕೆಲಸವೂ ಇದೇ ತಾನೆ?

ಇಷ್ಟಾದರೂ ಸಂದೇಹ ಮುಗಿಯದು. ಹೊರಗಿನ ಬಣ್ಣವನ್ನು ಬಿಸಿಲು ಕೆಡಿಸುತ್ತದೆ: ಬಣ್ಣದ ಕಣಗಳನ್ನು ಹಿಡಿದಿಟ್ಟ ಅಂಟು ಶಿಥಿಲವಾಗಿ ಮೇಲ್ಮೈ ಸುಣ್ಣದ ಪುಡಿಯಂತಾಗುತ್ತದೆ. ಹಾಗಾದರೆ ಮರೆಯಲ್ಲಿದ್ದುದು ಸತ್ಯವನ್ನೇ ಹೇಳುತ್ತದೆಯೆ? ಆ ಕಾಲದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಆಲ್ಕಿಡ್ ಎನಾಮೆಲ್ಲಿನಲ್ಲಿ ಎಣ್ಣೆಯ ಅಂಶವಿದೆ. ಕತ್ತಲೆಯಲ್ಲಿ ಅದು ಹಳದಿಗೆ ತಿರುಗುತ್ತದೆ. ಬಿಳುಪು, ತಿಳಿಬಣ್ಣಗಳಲ್ಲಿ ಇದು ಎದ್ದುಕಾಣುತ್ತದೆ. ಬೆಳಕಿಗೊಡ್ಡಿದರೆ ಸ್ವಲ್ಪಮಟ್ಟಿಗೆ ಇಳಿಯುತ್ತದೆ. ಆದುದರಿಂದ ಬಲ್ಲವರು ಬಣ್ಣದ ಕಂಪೆನಿಗಳು ಅಂದು ಅಚ್ಚುಹಾಕಿದ ಮಾದರಿಪಟ್ಟಿಗಳನ್ನೂ ತಂದು, ಹಗಲಿನ ಬೆಳಕಿನಲ್ಲಿ ಹೋಲಿಸುತ್ತಾರೆ.

ಇನ್ನೊಂದು ಮಾತು. ಹೀಗೆ ಉಜ್ಜುವಾಗ ಎಷ್ಟೋ ವೇಳೆ ಬಾಗಿಲಿನ ಮೇಲೆ ಹಳೆಯ ಅಕ್ಷರಗಳು ಹೊರಬೀಳುತ್ತವೆ: ಯಾವುದೋ ತೋಟದ ಹೆಸರು, ಯಾವುದೋ ಅಂಗಡಿಯ ಹೆಸರು. ಅವು ಕಾರ್ಖಾನೆಯವಲ್ಲ ಎಂಬುದು ನಿಜ. ಕಾರ್ಖಾನೆಯ ಹಸಿರು ಸಾವಿರಾರು ಟ್ರಕ್ಕುಗಳಿಗೆ ಸಮಾನವಾಗಿತ್ತು. ಆ ಹೆಸರು ಈ ಒಂದರದು. ಬಣ್ಣವನ್ನು ಮತ್ತೆ ಬೆರೆಸಿಕೊಳ್ಳಬಹುದು, ಅಳಿಸಿದ ಹೆಸರನ್ನು ಮರಳಿ ತರಲಾಗದು. ಮೂಲವನ್ನು ತಿಳಿಯಲು ನಾಣ್ಯದಗಲದ ಕಿಂಡಿಯೇ ಸಾಕಾಗಿರುವಾಗ, ಅಂಥ ಬಾಗಿಲನ್ನು ಲೋಹದವರೆಗೆ ಕೆರೆಯಬಾರದೆಂದೇ ನನ್ನ ಅಭಿಪ್ರಾಯ.