ಹಳಿಯೂ ಅವರದಲ್ಲ, ಬೋಗಿಯೂ ಅವರದಲ್ಲ



ರೈಲನ್ನು ಖಾಸಗಿಯವರ ಕೈಗೆ ಕೊಡಬೇಕೆ, ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಬ್ರಿಟನ್ನನ್ನೇ ಉದಾಹರಣೆಯಾಗಿ ಕೊಡುತ್ತಾರೆ. ಅಲ್ಲಿ ನಡೆದದ್ದನ್ನು ತಿಳಿಯಲು ಒಂದು ಕಂಪನಿಯ ಕಥೆ ಸಾಕು. ಅದರ ಹೆಸರು ಗ್ರೇಟ್ ನಾರ್ತ್ ಈಸ್ಟರ್ನ್ ರೈಲ್ವೆ, ಚಿಕ್ಕದಾಗಿ ಜಿಎನ್‌ಇಆರ್.

1948ರಿಂದ ಬ್ರಿಟನ್ನಿನ ರೈಲು ಸರ್ಕಾರದ ಸೊತ್ತಾಗಿತ್ತು. 1993ರ ಕಾಯ್ದೆ ಅದನ್ನು ಹೋಳು ಮಾಡಿತು. ಹಳಿ ಮತ್ತು ಸಿಗ್ನಲ್ಲು ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಹೋದವು. ಎಂಜಿನ್ನು, ಬೋಗಿಗಳು ಅವುಗಳನ್ನು ಬಾಡಿಗೆಗೆ ಕೊಡುವ ಬೇರೆ ಕಂಪನಿಗಳ ಪಾಲಾದವು. ಉಳಿದದ್ದು ರೈಲು ಓಡಿಸುವ ಹಕ್ಕು. ಅದನ್ನು ಮಾರ್ಗವಾರು ವಿಂಗಡಿಸಿ, ಇಷ್ಟು ವರ್ಷಕ್ಕೆಂದು ಗುತ್ತಿಗೆ ಕೊಟ್ಟರು.

ಲಂಡನ್ನಿನಿಂದ ಎಡಿನ್‌ಬರೋಗೆ ಸುಮಾರು 630 ಕಿಲೋಮೀಟರ್ ಸಾಗುವ ಪೂರ್ವ ಕರಾವಳಿ ಮಾರ್ಗ 1996ರಲ್ಲಿ ಸೀ ಕಂಟೈನರ್ಸ್ ಸಂಸ್ಥೆಗೆ ದಕ್ಕಿತು. ಅದರ ಮುಖ್ಯಸ್ಥ ಜೇಮ್ಸ್ ಶೆರ್ವುಡ್, ವೆನಿಸ್ ಸಿಂಪ್ಲಾನ್ ಓರಿಯೆಂಟ್ ಎಕ್ಸ್‌ಪ್ರೆಸ್ ಎಂಬ ವೈಭವದ ರೈಲನ್ನು ಓಡಿಸಿದವರು. ಕಡುನೀಲಿ ಬೋಗಿ, ಅದರ ಮೇಲೆ ಕೆಂಪು ಪಟ್ಟಿ, ಒಳಗೆ ಕುಳಿತು ಉಣ್ಣುವ ಭೋಜನದ ಬೋಗಿ: ಜಿಎನ್‌ಇಆರ್ ಬೇಗನೆ ಒಳ್ಳೆಯ ಹೆಸರು ಗಳಿಸಿತು.

2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಅದರ ರೈಲು ಹಳಿ ತಪ್ಪಿ ನಾಲ್ವರು ಸತ್ತರು. ಬಿರುಕು ಬಿಟ್ಟಿದ್ದ ಹಳಿ ಚೂರುಚೂರಾಗಿತ್ತು. ಹಳಿ ಜಿಎನ್‌ಇಆರ್‌ನದಲ್ಲ, ಆದರೆ ಸತ್ತವರು ಅದರ ಪ್ರಯಾಣಿಕರು. ದೇಶದುದ್ದಕ್ಕೂ ತಿಂಗಳುಗಟ್ಟಲೆ ರೈಲುಗಳ ವೇಗ ಇಳಿಸಬೇಕಾಯಿತು. ರೈಲ್‌ಟ್ರ್ಯಾಕ್ 2001ರಲ್ಲಿ ಕುಸಿಯಿತು. ಮರುವರ್ಷ ಹಳಿಗಳು ಲಾಭದ ಉದ್ದೇಶವಿಲ್ಲದ ನೆಟ್‌ವರ್ಕ್ ರೈಲ್ ಸಂಸ್ಥೆಗೆ ಬಂದವು.

ಜಿಎನ್‌ಇಆರ್ ಈ ಪೆಟ್ಟನ್ನು ತಾಳಿಕೊಂಡಿತು. ಅದನ್ನು ಮುಳುಗಿಸಿದ್ದು ಲೆಕ್ಕ. 2005ರಲ್ಲಿ ಗುತ್ತಿಗೆ ಉಳಿಸಿಕೊಳ್ಳಲು, ಹತ್ತು ವರ್ಷಗಳಲ್ಲಿ 130 ಕೋಟಿ ಪೌಂಡು ಕಟ್ಟುವುದಾಗಿ ಅದು ಸರ್ಕಾರಕ್ಕೆ ಮಾತು ಕೊಟ್ಟಿತು. ಪ್ರಯಾಣಿಕರ ವರಮಾನ ವರ್ಷವರ್ಷವೂ ಏರುತ್ತಲೇ ಹೋದರೆ ಮಾತ್ರ ಕಟ್ಟಬಹುದಾದ ಹಣ ಅದು. ಅದೇ ಜುಲೈನಲ್ಲಿ ಲಂಡನ್ನಿನಲ್ಲಿ ಬಾಂಬುಗಳು ಸಿಡಿದವು. ವಿದ್ಯುತ್ತಿನ ದರ ಏರಿತು. ವರಮಾನ ಅಂದಾಜನ್ನು ಮುಟ್ಟಲಿಲ್ಲ. 2006ರ ಅಕ್ಟೋಬರಿನಲ್ಲಿ ಮಾತೃಸಂಸ್ಥೆ ಅಮೆರಿಕದಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಡಿಸೆಂಬರಿನಲ್ಲಿ ಗುತ್ತಿಗೆ ಹೋಯಿತು. ಮತ್ತೊಂದು ವರ್ಷ ಸರ್ಕಾರದ ಪರವಾಗಿ ರೈಲು ಓಡಿಸಿ, 2007ರ ಡಿಸೆಂಬರಿನಲ್ಲಿ ಜಿಎನ್‌ಇಆರ್ ತೆರೆಮರೆಗೆ ಸರಿಯಿತು.

ಪಾಠ ಕಲಿತರೆ? ನಂತರ ಬಂದ ನ್ಯಾಷನಲ್ ಎಕ್ಸ್‌ಪ್ರೆಸ್ ಇನ್ನೂ ಹೆಚ್ಚು, 140 ಕೋಟಿ ಪೌಂಡು ಕೊಡುವುದಾಗಿ ಹೇಳಿತು. 2009ರಲ್ಲಿ ಅದೂ ಕೈಚೆಲ್ಲಿತು. ಆಗ ಸರ್ಕಾರವೇ ಐದು ವರ್ಷಕ್ಕೂ ಹೆಚ್ಚು ಕಾಲ ರೈಲು ಓಡಿಸಿತು. ಖಜಾನೆಗೆ ಸುಮಾರು 100 ಕೋಟಿ ಪೌಂಡು ಬಂತು. 2015ರಲ್ಲಿ ಮತ್ತೆ ಖಾಸಗಿಗೆ, 2018ರಲ್ಲಿ ಮತ್ತೆ ಸರ್ಕಾರಕ್ಕೆ. ಖಾಸಗೀಕರಣದ ನಂತರದ ಎರಡು ದಶಕಗಳಲ್ಲಿ ಬ್ರಿಟನ್ನಿನ ರೈಲು ಪ್ರಯಾಣ ಎರಡು ಪಟ್ಟಿಗೂ ಮೀರಿ ಬೆಳೆಯಿತೆಂಬುದೂ ನಿಜ. ಆದರೂ ಉಳಿದ ಗುತ್ತಿಗೆಗಳನ್ನು ಹಂತಹಂತವಾಗಿ ಮರಳಿ ಪಡೆಯಲು 2024ರಲ್ಲಿ ಅಲ್ಲಿ ಕಾನೂನು ಬಂದಿತು.

ಸಾಬೂನಿನ ಕಂಪನಿ ಮುಚ್ಚಿದರೆ ಬೇರೆ ಸಾಬೂನು ಕೊಳ್ಳುತ್ತೇವೆ. ರೈಲು ಓಡಿಸುವವನು ಮುಳುಗಿದರೂ ಮರುದಿನ ಬೆಳಗ್ಗೆ ರೈಲು ಹೊರಡಲೇಬೇಕು. ಅದನ್ನು ಹೊರಡಿಸುವ ಹೊಣೆ ಕೊನೆಗೆ ಸರ್ಕಾರದ್ದೇ. ಹೆಚ್ಚು ಹಣ ಕೂಗಿದವನಿಗೇ ಹರಾಜು ನಿಲ್ಲುತ್ತದೆ. ಆ ಕೂಗು ಸುಳ್ಳಾದರೆ ನಷ್ಟ ತುಂಬುವವರು ಯಾರು? ಗುತ್ತಿಗೆಗೆ ಸಹಿ ಹಾಕುವ ಮೊದಲೇ ಯಾವ ದೇಶವಾದರೂ ಕೇಳಬೇಕಾದ ಪ್ರಶ್ನೆ ಇದು.