ಹಳೆಯ ಕಿರು ಟ್ರಾಕ್ಟರನ್ನು ಕೊಳ್ಳುವ ಮತ್ತು ಕಾಪಾಡುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಎತ್ತು ಕೊಳ್ಳುವ ವಿಷಯದಲ್ಲಿ ಈ ಸೀಮೆಯ ಬೇಸಾಯಗಾರನಿಗೆ ಯಾರೂ ಬುದ್ಧಿ ಹೇಳಬೇಕಾದುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ಒಕ್ಕಲಿಗನು ಹಲ್ಲೆಣಿಸಿ, ಸುಳಿ ನೋಡಿ, ಗೊರಸು ಮುಟ್ಟಿ, ನಾಲ್ಕು ಹೆಜ್ಜೆ ನಡೆಯಿಸಿ, ಅನಂತರ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವನು. ಅದೇ ಒಕ್ಕಲಿಗನು ಹಳೆಯ ಟ್ರಾಕ್ಟರನ್ನು ಕೊಳ್ಳಲು ಹೊರಟಾಗ ಮೇಲೆ ಬಳಿದ ಹೊಸ ಬಣ್ಣಕ್ಕೆ ಮರುಳಾಗಿ, ಒಂದೇ ಮಾತಿಗೆ ಹಣ ಎಣಿಸಿಕೊಟ್ಟು ಬರುವುದುಂಟು. ಎತ್ತು ಕೆಟ್ಟದ್ದಾದರೆ ಒಂದು ಸಂತೆಯ ನಷ್ಟ. ಸಾಲದ ಮೇಲೆ ತಂದ ಯಂತ್ರವು ಕೆಟ್ಟದ್ದಾದರೆ ಹೊಲವೇ ಕೈಬಿಟ್ಟು ಹೋಗುವ ಸಂಭವವುಂಟು. ಆದುದರಿಂದ ಕಿರು ಟ್ರಾಕ್ಟರನ್ನು ಪರೀಕ್ಷಿಸುವ, ಕೊಳ್ಳುವ ಮತ್ತು ಕಾಪಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗುವುದು.

ಕಿರು ಟ್ರಾಕ್ಟರು ಯಾರಿಗೆ ತಕ್ಕದ್ದು?

ಜನರು ಮಿನಿ ಟ್ರಾಕ್ಟರೆಂದು ಕರೆಯುವ ಈ ಯಂತ್ರವು ಸಾಮಾನ್ಯವಾಗಿ 15 ರಿಂದ 25 ಅಶ್ವಶಕ್ತಿಯುಳ್ಳದ್ದು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ಮೊದಲು ಪವರ್ ಟಿಲ್ಲರುಗಳನ್ನೂ ತರುವಾಯ ಈ ಬಗೆಯ ಟ್ರಾಕ್ಟರುಗಳನ್ನೂ ತಯಾರಿಸಿತು. ಇತರ ಕಂಪೆನಿಗಳವರೂ ಇವುಗಳನ್ನು ಮಾರಿರುವರು. ದ್ರಾಕ್ಷಿ, ದಾಳಿಂಬೆ, ಅಡಕೆ, ತೆಂಗು ಮುಂತಾದ ತೋಟಗಳ ಸಾಲುಗಳ ನಡುವೆಯೂ, ದೊಡ್ಡ ಟ್ರಾಕ್ಟರು ತಿರುಗಲಾರದ ಸಣ್ಣ ಮಡಿಗಳಲ್ಲಿಯೂ ಇದು ಸಲೀಸಾಗಿ ಕೆಲಸ ಮಾಡುವುದು. ಆದರೆ ಆಳವಾದ ಎರೆಭೂಮಿಯನ್ನು ದೊಡ್ಡ ನೇಗಿಲಿನಿಂದ ಮಗುಚುವುದು ಇದರ ಶಕ್ತಿಗೆ ಮೀರಿದ ಕೆಲಸ.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ವಿಸ್ತೀರ್ಣವು ಸುಮಾರು 1.36 ಹೆಕ್ಟೇರು ಮಾತ್ರ. ಇಷ್ಟು ಭೂಮಿಗೆ ಸ್ವಂತ ಯಂತ್ರವು ಬೇಕೇ ಎಂಬುದನ್ನು ಲೆಕ್ಕದಿಂದಲೇ ನಿಶ್ಚಯಿಸಬೇಕು. ನಾಲ್ಕು ಅಡಿ ಅಗಲದ ರೋಟವೇಟರನ್ನು ಗಂಟೆಗೆ ಮೂರು ಕಿಲೋಮೀಟರು ವೇಗದಲ್ಲಿ ನಡೆಸಿದರೆ, ತಿರುವಿನಲ್ಲಿಯೂ ಮೇಲುಸಾಲಿನಲ್ಲಿಯೂ ಕಳೆಯುವ ಹೊತ್ತನ್ನು ಸೇರಿಸಿ, ಒಂದು ಎಕರೆಗೆ ಸುಮಾರು ಒಂದೂವರೆ ಗಂಟೆ ಹಿಡಿಯುವುದು. ಐದು ಎಕರೆಯನ್ನು ವರ್ಷಕ್ಕೆ ನಾಲ್ಕು ಸಲ ಉತ್ತರೂ 30 ಗಂಟೆಗಳ ಕೆಲಸವೇ ಆಗುವುದು.

ಉದಾಹರಣೆಗೆ, ಎರಡು ಲಕ್ಷ ರೂಪಾಯಿಗೆ ಕೊಂಡ ಹಳೆಯ ಟ್ರಾಕ್ಟರನ್ನು ಎಂಟು ವರ್ಷ ಬಳಸಿ 80 ಸಾವಿರಕ್ಕೆ ಮಾರಿದರೆಂದು ಇಟ್ಟುಕೊಳ್ಳಬಹುದು. ಸವಕಳಿಯು ವರ್ಷಕ್ಕೆ 15 ಸಾವಿರ. ಸರಾಸರಿ ಬಂಡವಾಳವಾದ 1 ಲಕ್ಷ 40 ಸಾವಿರಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 14 ಸಾವಿರ. ವಿಮೆ ಮತ್ತು ಮಾಡಿನ ಖರ್ಚು ಆರು ಸಾವಿರ. ಒಟ್ಟು 35 ಸಾವಿರ. ಯಂತ್ರವು ಓಡಲಿ, ನಿಂತಿರಲಿ, ಈ ಖರ್ಚು ತಪ್ಪದು. ವರ್ಷಕ್ಕೆ 50 ಗಂಟೆ ಮಾತ್ರ ಓಡಿಸಿದರೆ ಗಂಟೆಗೆ 700 ರೂಪಾಯಿ ಬೀಳುವುದು. 250 ಗಂಟೆ ಓಡಿಸಿದರೆ 140 ರೂಪಾಯಿ ಮಾತ್ರ. ಡೀಸೆಲ್, ಎಣ್ಣೆ, ರಿಪೇರಿ, ಚಾಲಕನ ಕೂಲಿ ಇವೆಲ್ಲ ಬೇರೆ. ಪ್ರತಿಯೊಬ್ಬರೂ ತಮ್ಮ ಊರಿನ ಬೆಲೆಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ, ಬಾಡಿಗೆಯ ದರದೊಡನೆ ಹೋಲಿಸಿ ನೋಡತಕ್ಕದ್ದು. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಂತಹ ಬಾಡಿಗೆಯ ಅನುಕೂಲವು ಸಮೀಪದಲ್ಲಿದ್ದರೆ, ಸ್ವಲ್ಪ ಭೂಮಿಯುಳ್ಳವನಿಗೆ ಅದೇ ಲಾಭಕರವಾಗಬಹುದು. ಅಣ್ಣತಮ್ಮಂದಿರೋ ನೆರೆಹೊರೆಯ ಮೂವರು ನಾಲ್ವರೋ ಕೂಡಿ ಕೊಳ್ಳುವುದಾದರೆ, ಸರದಿಯನ್ನೂ ಖರ್ಚಿನ ಪಾಲನ್ನೂ ಮೊದಲೇ ಕಾಗದದ ಮೇಲೆ ಬರೆದಿಡುವುದು ಲೇಸು. ಮಳೆ ಬಿದ್ದು ಹದವಾದ ದಿನ ಎಲ್ಲರಿಗೂ ಒಟ್ಟಿಗೇ ಟ್ರಾಕ್ಟರು ಬೇಕಾಗುವುದೆಂಬುದನ್ನು ಮರೆಯಬಾರದು.

ಕೊಳ್ಳುವ ಮುಂಚೆ ಪರೀಕ್ಷಿಸತಕ್ಕ ಅಂಶಗಳು

ಪರೀಕ್ಷೆಗೆ ಹೋಗುವಾಗ ನಂಬಿಕೆಯುಳ್ಳ ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗತಕ್ಕದ್ದು. ಎಂಜಿನನ್ನು ಮೊದಲೇ ಓಡಿಸಿ ಬಿಸಿಮಾಡಿ ಇಡಬಾರದೆಂದು ಮಾರುವವನಿಗೆ ತಿಳಿಸಿರಬೇಕು. ತಣ್ಣಗಿರುವ ಎಂಜಿನೇ ನಿಜವನ್ನು ಹೇಳುವುದು.

ಮೊದಲನೆಯದಾಗಿ ಹೊಗೆಯನ್ನು ನೋಡಬೇಕು. ಚಾಲೂ ಮಾಡಿದ ಕೂಡಲೇ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ದೋಷವಿಲ್ಲ. ಎಂಜಿನು ಬಿಸಿಯಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ, ಡೀಸೆಲ್ ಪೂರ್ತಿಯಾಗಿ ಉರಿಯುತ್ತಿಲ್ಲವೆಂದಾಗಲಿ ಒಳಕ್ಕೆ ನೀರು ಸೇರುತ್ತಿದೆಯೆಂದಾಗಲಿ ತಿಳಿಯಬೇಕು. ನೀಲಿ ಹೊಗೆಯು ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು; ರಿಂಗುಗಳೂ ಲೈನರುಗಳೂ ಸವೆದಿರಬಹುದು. ಭಾರವಿಲ್ಲದಿರುವಾಗಲೂ ಕರಿ ಹೊಗೆ ಕಾರಿದರೆ ಗಾಳಿಶೋಧಕವು ಕಟ್ಟಿರಬಹುದು ಅಥವಾ ಇಂಜೆಕ್ಟರು ಕೆಟ್ಟಿರಬಹುದು. ಗಾಳಿಶೋಧಕವನ್ನು ಸುಲಭವಾಗಿ ಸರಿಪಡಿಸಬಹುದು. ನೀಲಿ ಹೊಗೆಗೆ ಎಂಜಿನನ್ನೇ ಬಿಚ್ಚಬೇಕಾಗುವುದು.

ಎರಡನೆಯದಾಗಿ ಎಣ್ಣೆಯ ಅಳತೆಕಡ್ಡಿಯನ್ನು ಹೊರತೆಗೆದು ನೋಡಬೇಕು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೂ ಸಂಶಯಪಡಬೇಕು. ಗೇರುಪೆಟ್ಟಿಗೆಯ ಎಣ್ಣೆಯನ್ನೂ ಹೀಗೆಯೇ ನೋಡತಕ್ಕದ್ದು. ಗದ್ದೆಯ ಕೆಸರಿನಲ್ಲಿ ದುಡಿದ ಟ್ರಾಕ್ಟರುಗಳಲ್ಲಿ ಸೀಲು ಸವೆದು ನೀರು ಒಳಸೇರಿರುವುದು ಸಾಮಾನ್ಯ.

ಮೂರನೆಯದಾಗಿ ಗಂಟೆ ತೋರಿಸುವ ಮೀಟರನ್ನು ಓದಬೇಕು. ಆದರೆ ಅದೊಂದನ್ನೇ ನಂಬಬಾರದು. ಮೀಟರು 800 ಗಂಟೆ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ಗೆರೆಗಳು ಸವೆದು ನುಣ್ಣಗಾಗಿದ್ದರೆ ಮೀಟರಿಗಿಂತ ಪೆಡಲಿನ ಸಾಕ್ಷ್ಯವೇ ಹೆಚ್ಚಿನದು.

ನಾಲ್ಕನೆಯದಾಗಿ ಹೊಲದಲ್ಲಿಯೇ ಓಡಿಸಿ ನೋಡಬೇಕು. ಪ್ರತಿಯೊಂದು ಗೇರಿನಲ್ಲಿಯೂ ಭಾರವೆಳೆಯಿಸಿ, ಗೇರು ತಾನಾಗಿ ಜಾರುವುದೇ ಎಂಬುದನ್ನು ಗಮನಿಸಬೇಕು. ರೋಟವೇಟರನ್ನು ಮೇಲಕ್ಕೆತ್ತಿ ಎಂಜಿನನ್ನು ನಿಲ್ಲಿಸಿ, ಯಾರೂ ಅದರ ಕೆಳಗೆ ಹೋಗದಂತೆ ನೋಡಿಕೊಂಡು, ಅದು ಎಷ್ಟು ಬೇಗ ಇಳಿಯುವುದೆಂದು ನೋಡಬೇಕು. ಒಡನೆಯೇ ಕುಸಿದರೆ ಹೈಡ್ರಾಲಿಕ್ ಭಾಗವು ದುರ್ಬಲವಾಗಿದೆ. ಮುಂಗಾಲಿಯನ್ನು ನೆಲದಿಂದೆತ್ತಿ ಅಲ್ಲಾಡಿಸಿದರೆ ಕಿಂಗ್‌ಪಿನ್ನಿನ ಸವೆತವು ತಿಳಿಯುವುದು.

ಐದನೆಯದಾಗಿ, ಬಿಡಿಭಾಗಗಳು ದೊರೆಯುವವೇ ಎಂದು ವಿಚಾರಿಸತಕ್ಕದ್ದು. ಹೆಸರುವಾಸಿಯಾಗಿದ್ದ ಎಚ್.ಎಂ.ಟಿ.ಯ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಹೀಗೆ ತಯಾರಿಕೆ ನಿಂತ ಯಂತ್ರವು ಎಷ್ಟು ಗಟ್ಟಿಯಾಗಿದ್ದರೂ, ಬಿತ್ತನೆಯ ಕಾಲದಲ್ಲಿ ಒಂದು ಸಣ್ಣ ಭಾಗಕ್ಕಾಗಿ ವಾರಗಟ್ಟಲೆ ನಿಲ್ಲಬೇಕಾಗಿ ಬರಬಹುದು.

ಕಾಗದಪತ್ರಗಳು

ಯಂತ್ರವು ಚೆನ್ನಾಗಿದ್ದರೂ ಕಾಗದವು ಸರಿಯಿಲ್ಲದಿದ್ದರೆ ಅದನ್ನು ಕೊಳ್ಳಕೂಡದು. ನೋಂದಣಿ ಪುಸ್ತಕದಲ್ಲಿ ಬರೆದಿರುವ ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಯಂತ್ರದ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಅಕ್ಷರಶಃ ತಾಳೆ ನೋಡಬೇಕು. ಹಿಂದಿನ ಮಾಲಿಕನು ಬ್ಯಾಂಕಿನ ಸಾಲದಿಂದ ಕೊಂಡಿದ್ದಲ್ಲಿ, ಸಾಲ ತೀರಿದ ಪತ್ರವನ್ನೂ ಬ್ಯಾಂಕಿನವರ ಸಹಿಯುಳ್ಳ 35ನೆಯ ನಮೂನೆಯನ್ನೂ ಪಡೆಯುವವರೆಗೆ ಪೂರ್ತಿ ಹಣವನ್ನು ಕೊಡಬಾರದು. ಮಾಲಿಕತ್ವದ ಬದಲಾವಣೆಗೆ 29ನೆಯ ಮತ್ತು 30ನೆಯ ನಮೂನೆಗಳು ಬೇಕು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೂ, ಕೊಂಡವನು 30 ದಿನಗಳೊಳಗೂ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಟ್ರೈಲರಿಗೆ ಬೇರೆ ನೋಂದಣಿ ಇರುವುದೆಂಬುದನ್ನೂ ನೆನಪಿಡಬೇಕು.

ಇದು ಕೊಂಡವನ ಹಿತಕ್ಕೆ ಮಾತ್ರವೇ ಅಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನನ್ನೇ ಮಾಲಿಕನೆಂದು ಎಣಿಸಿ ಅಪಘಾತದ ಪರಿಹಾರಕ್ಕೆ ಹೊಣೆಮಾಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಹೀಗಿರುವಲ್ಲಿ, ಟ್ರಾಕ್ಟರನ್ನು ಮಾರಿ ವರ್ಷಗಳಾದ ರೈತನು, ತಾನು ಕಂಡರಿಯದ ಅಪಘಾತಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಗ್ರಾಮದಲ್ಲಿ ಮಾರಾಟವು ನಡೆದಾಗ ಈ ಅಂಶವನ್ನು ಇಬ್ಬರಿಗೂ ತಿಳಿಯಹೇಳುವುದು ಮುಖಂಡರ ಕರ್ತವ್ಯ.

ಪ್ರತಿದಿನದ ಮತ್ತು ಕಾಲಕಾಲದ ಆರೈಕೆ

ಕೊಂಡು ತಂದ ಕೂಡಲೇ, ಹಿಂದಿನವನ ಮಾತನ್ನು ನೆಚ್ಚದೆ, ಎಂಜಿನ್ ಎಣ್ಣೆ, ಎಣ್ಣೆ ಫಿಲ್ಟರು ಮತ್ತು ಡೀಸೆಲ್ ಫಿಲ್ಟರುಗಳನ್ನು ಹೊಸದಾಗಿ ಹಾಕಿಸಿ, ಆ ದಿನದ ಮೀಟರಿನ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆಯತಕ್ಕದ್ದು. ಮುಂದೆ ಎಷ್ಟು ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂಬುದನ್ನು ತಯಾರಕರ ಕೈಪಿಡಿಯಂತೆ ನಡೆಸಬೇಕು. ಡೀಸೆಲ್ ತುಂಬಿಸಿದ ದಿನ, ಓಡಿದ ಗಂಟೆ, ಮಾಡಿಸಿದ ರಿಪೇರಿ ಇವನ್ನು ಅದೇ ಪುಸ್ತಕದಲ್ಲಿ ಬರೆಯುತ್ತ ಬಂದರೆ, ಯಂತ್ರವು ಹೆಚ್ಚು ಡೀಸೆಲ್ ಕುಡಿಯತೊಡಗಿದ್ದು ಒಡನೆಯೇ ತಿಳಿಯುವುದು. ಮಾರುವ ಕಾಲಕ್ಕೆ ಒಳ್ಳೆಯ ಬೆಲೆಯೂ ಬರುವುದು.

ಎಂಜಿನಿನ ಮೊದಲನೆಯ ಶತ್ರುವು ಧೂಳು. ಒಣ ಹೊಲದಲ್ಲಿ ರೋಟವೇಟರು ಎಬ್ಬಿಸುವ ಧೂಳು ಗಾಳಿಶೋಧಕವನ್ನು ದಾಟಿದರೆ, ಸಾಣೆಯ ಪುಡಿಯಂತೆ ಲೈನರುಗಳನ್ನು ಉಜ್ಜಿ ಸವೆಸುವುದು. ಎಣ್ಣೆಯ ಬಟ್ಟಲುಳ್ಳ ಶೋಧಕವಾದರೆ, ಧೂಳಿನ ಕೆಲಸವಿರುವ ದಿನಗಳಲ್ಲಿ ಬಟ್ಟಲನ್ನು ಪ್ರತಿದಿನವೂ ನೋಡಿ, ತಳದಲ್ಲಿ ಕೆಸರು ನಿಂತಿದ್ದರೆ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ತುಂಬಿಸಬೇಕು. ಕಾಗದದ ಶೋಧಕವನ್ನು ಸೀಮೆಎಣ್ಣೆಯಲ್ಲಿ ಅದ್ದಕೂಡದು. ಮೆಲ್ಲಗೆ ಧೂಳು ಕೊಡವಿ, ಹರಿದಿದ್ದರೆ ಬದಲಿಸಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಹೊಟ್ಟು ಹುಲ್ಲು ತುಂಬಿದರೆ ಎಂಜಿನು ಕಾಯುವುದು. ಕಾದಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು; ಉಕ್ಕಿ ಬರುವ ನೀರು ಮುಖವನ್ನು ಸುಡುವುದು.

ಎರಡನೆಯ ಶತ್ರುವು ನೀರು. ಸಂಜೆ ಕೆಲಸ ಮುಗಿದ ಕೂಡಲೇ ಡೀಸೆಲ್ ತೊಟ್ಟಿಯನ್ನು ತುಂಬಿಸಿಟ್ಟರೆ, ರಾತ್ರಿಯ ತಂಪಿಗೆ ಅದರೊಳಗೆ ಹನಿಗಟ್ಟುವುದು ಕಡಿಮೆಯಾಗುವುದು. ಡೀಸೆಲ್ ಮುಗಿಯುವವರೆಗೂ ಓಡಿಸಿದರೆ ಕೊಳವೆಗಳಲ್ಲಿ ಗಾಳಿ ಸೇರಿ ಎಂಜಿನು ಚಾಲೂ ಆಗದು. ಆಗ ಫಿಲ್ಟರಿನ ಮೇಲಿನ ಗಾಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಬಿಗಿಯಬೇಕು. ಕೆಸರುಗದ್ದೆಯಿಂದ ಬಂದ ದಿನವೇ ಯಂತ್ರವನ್ನು ತೊಳೆದು, ಹಿಂದೆ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದಂತೆಯೇ, ಎಲ್ಲ ನಿಪ್ಪಲುಗಳಿಗೂ ಹೊಸ ಗ್ರೀಸು ಹೊರಬರುವವರೆಗೆ ಗ್ರೀಸು ಒತ್ತತಕ್ಕದ್ದು.

ನಾಲ್ಕು ಚಕ್ರಗಳಿಗೂ ಎಳೆತವಿರುವ ಟ್ರಾಕ್ಟರಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆಗೆ ಪರಸ್ಪರ ಸಂಬಂಧವುಂಟು; ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರನ್ನು ಹಾಕಬಾರದು. ಗಟ್ಟಿ ರಸ್ತೆಯ ಮೇಲೆ ಮುಂದಿನ ಎಳೆತವನ್ನು ಬಿಡಿಸದೆ ಓಡಿಸಿದರೆ ಟೈರುಗಳೂ ಗೇರುಗಳೂ ವೃಥಾ ಸವೆಯುವುವು. ಚಾಲಕನು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸವನ್ನೂ ಬಿಡಿಸಬೇಕು.

ತಿಂಗಳುಗಟ್ಟಲೆ ಕೆಲಸವಿಲ್ಲದಿರುವಾಗ ಯಂತ್ರವನ್ನು ಮಾಡಿನ ಕೆಳಗೆ ನಿಲ್ಲಿಸಿ, ಬ್ಯಾಟರಿಯ ತಂತಿಗಳಲ್ಲಿ ಋಣದ ತಂತಿಯನ್ನು ಮೊದಲು ಬಿಚ್ಚಿ, ಕ್ಲಚ್ ಅಂಟಿಕೊಳ್ಳದಂತೆ ಪೆಡಲನ್ನು ಒತ್ತಿ ಕಟ್ಟಿಡುವುದು ಒಳ್ಳೆಯದು. ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದರೆ ಇಲಿಗಳು ತಂತಿಗಳನ್ನು ಕಡಿಯುವುವು.

ಪ್ರಾಣಾಪಾಯದ ವಿಷಯ

ಹಾಳಾದ ಎಂಜಿನನ್ನು ಮತ್ತೆ ಕಟ್ಟಬಹುದು. ಹೋದ ಪ್ರಾಣವನ್ನು ತರಲಾಗದು. ಕಿರು ಟ್ರಾಕ್ಟರು ನೋಟಕ್ಕೆ ಸಾಧುವಾಗಿರುವುದರಿಂದಲೇ ಜನರು ಅಜಾಗರೂಕರಾಗುವರು. ಹಿಂಬದಿಯ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ 9 ಸುತ್ತು ತಿರುಗುವುದು. ಪಂಚೆಯ ಅಂಚು, ಸೀರೆಯ ಸೆರಗು ಅಥವಾ ಹೆಗಲ ವಸ್ತ್ರವು ಅದಕ್ಕೆ ಸಿಕ್ಕಿದರೆ ಕೈಯೆಳೆದುಕೊಳ್ಳುವಷ್ಟು ಹೊತ್ತೂ ಇರದು. ಹಳೆಯ ಯಂತ್ರಗಳಲ್ಲಿ ಈ ದಂಡದ ಹೊದಿಕೆಯನ್ನು ಕಿತ್ತು ಎಸೆದಿರುವುದು ಸಾಮಾನ್ಯ. ಕೊಂಡವನು ಮೊದಲು ಅದನ್ನು ಹಾಕಿಸಬೇಕು. ರೋಟವೇಟರಿಗೆ ಸಿಕ್ಕಿದ ಬೇರು ಬಳ್ಳಿಗಳನ್ನು ಎಂಜಿನ್ ನಿಲ್ಲಿಸದೆ ಬಿಡಿಸಲು ಹೋಗಕೂಡದು.

ಹೂತ ಗಾಡಿಯನ್ನೋ ಮರದ ಬೊಡ್ಡೆಯನ್ನೋ ಎಳೆಯುವಾಗ ಸರಪಣಿಯನ್ನು ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ ಮುಂಭಾಗವು ಮೇಲೆದ್ದು ಟ್ರಾಕ್ಟರು ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುವುದು. ರಸ್ತೆಗೆ ಬರುವ ಮುಂಚೆ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ಹಾಕತಕ್ಕದ್ದು. ಮರೆತು ಒಂದನ್ನೇ ಒತ್ತಿದರೆ ಯಂತ್ರವು ಒಮ್ಮೆಲೇ ಒಂದು ಕಡೆಗೆ ತಿರುಗಿ ಉರುಳುವುದು. ಉರುಳುರಕ್ಷಣೆಯ ಕಮಾನು ಇದ್ದರೆ ಅದನ್ನು ಬಿಚ್ಚಬಾರದು. ಆಸನದ ಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಡಿಕೆಯು ಅನೇಕ ಗ್ರಾಮಗಳಲ್ಲಿ ಕಾಣುವುದು. ಒಂದು ಹಳ್ಳಕ್ಕೆ ಗಾಲಿ ಇಳಿದರೆ ಮಗುವು ಹಿಂದಿನ ಚಕ್ರದ ಮುಂದೆಯೇ ಬೀಳುವುದು. ಟ್ರಾಕ್ಟರಿಗೆ ಒಂದೇ ಆಸನವಿರುವುದು ಒಬ್ಬನೇ ಕೂರತಕ್ಕದ್ದೆಂಬುದಕ್ಕಾಗಿ.

ಮುಗಿಸುವ ಮಾತು

ಮೇಲ್ಕಂಡ ಅಂಶಗಳಲ್ಲಿ ಯಾವುದಕ್ಕೂ ಹೆಚ್ಚಿನ ವಿದ್ಯೆ ಬೇಕಾಗಿಲ್ಲ. ಕೊಳ್ಳುವ ಮುಂಚೆ ಒಂದು ಬೆಳಗಿನ ಪರೀಕ್ಷೆ, ದಿನಕ್ಕೆ ಹತ್ತು ನಿಮಿಷಗಳ ಆರೈಕೆ, ಒಂದು ಲೆಕ್ಕದ ಪುಸ್ತಕ, ಓಡಿಸುವಾಗ ಎಚ್ಚರ ಇಷ್ಟಿದ್ದರೆ ಹಳೆಯ ಕಿರು ಟ್ರಾಕ್ಟರು ಬಹುಕಾಲ ದುಡಿದು ತನ್ನ ಸಾಲವನ್ನು ತಾನೇ ತೀರಿಸಬಲ್ಲುದು. ಇವುಗಳನ್ನು ಗ್ರಾಮದ ಹಿರಿಯರು ಮೊದಲು ತಮ್ಮ ಯಂತ್ರಗಳಲ್ಲಿ ಆಚರಿಸಿ ತೋರಿಸಿ, ಹೊಸದಾಗಿ ಕೊಳ್ಳಲು ಹೊರಟ ನೆರೆಯವನೊಡನೆ ತಾವೂ ಒಂದು ಬೆಳಿಗ್ಗೆ ಹೋಗಿ ನೋಡಿಬಂದಲ್ಲಿ, ಅನೇಕ ಸಂಸಾರಗಳು ಸಾಲಕ್ಕೆ ಸಿಕ್ಕುವುದು ತಪ್ಪುವುದು.