ವಿಮಾನದ ಟಿಕೆಟು ಕೊಳ್ಳುವ ಮೊದಲು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಓದಿದ ಭಾಷಣ)



ಈ ಮೇಜಿನ ಮುಂದೆ ನಿಂತು ಮಾತನಾಡಿದವರಲ್ಲಿ ಪಂಡಿತರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ನಾವು ಮೆಟ್ರಿಕ್ಕಿನವರೆಗೆ ಓದಿ, ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಆದರೂ ವಿದೇಶ ಪ್ರವಾಸದ ಮಾತು ನಮ್ಮ ಪಾಲಿಗೆ ಬಂದುದಕ್ಕೆ ಕಾರಣವಿಷ್ಟೆ: ಕಳೆದ ವರ್ಷ ನಾವು ಗಂಡಹೆಂಡಿರು ಐದು ದಿನದ ಮಟ್ಟಿಗೆ ದುಬಾಯಿಗೆ ಹೋಗಿ ಬಂದೆವು. ಅಂದಿನಿಂದ ಪುಸ್ತಕ ಕೊಡುವ ಹೊತ್ತಿಗೆ "ಟಿಕೆಟು ಹೇಗೆ ತೆಗೆದಿರಿ?" ಎಂದು ಕೇಳುವವರು ಹೆಚ್ಚಾದರು. ಎಲ್ಲರಿಗೂ ಒಮ್ಮೆಗೇ ಹೇಳಿಬಿಡಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು.

ಮೊದಲು ಒಂದು ಸಂಕಟದ ಸಂಗತಿ. ನಮ್ಮ ಮನೆಯವಳ ತಮ್ಮ ದುಬಾಯಿಯಲ್ಲಿ ಕಟ್ಟಡದ ಕಂಪನಿಯೊಂದರಲ್ಲಿ ವಯರಿಂಗ್ ಕೆಲಸಕ್ಕಿದ್ದಾನೆ. 2022ರ ಮಳೆಗಾಲದಲ್ಲಿ ಉಡುಪಿಯ ಬಳಿಯ ಊರಿನಲ್ಲಿ ನಮ್ಮ ಮಾವನವರು ತೀರಿಕೊಂಡರು. ಸುದ್ದಿ ಮುಟ್ಟಿದೊಡನೆ ಅವನು ಅಲ್ಲಿಯ ಏಜಂಟನೊಬ್ಬನಿಗೆ ಹಣ ಕೊಟ್ಟು, ಆ ರಾತ್ರಿಯ ಮುಂಬಯಿ ವಿಮಾನಕ್ಕೆಂದು ಒಂದು ಹಾಳೆ ಹಿಡಿದುಕೊಂಡು ನಿಲ್ದಾಣಕ್ಕೆ ಓಡಿದ. ಹಾಳೆಯ ಮೇಲೆ ಹೆಸರಿತ್ತು, ಹೊತ್ತಿತ್ತು, ಪಿ.ಎನ್.ಆರ್. ಎಂಬ ಆರು ಅಕ್ಷರದ ಗುರುತೂ ಇತ್ತು. ಕೌಂಟರಿನಾಕೆ ನೋಡಿ, ಆಸನ ಕಾದಿರಿಸಿದ್ದು ನಿಜ, ಆದರೆ ಟಿಕೆಟನ್ನೇ ತೆಗೆದಿಲ್ಲ, ಗಡುವು ತೀರಿ ಕಾದಿರಿಸಿದ್ದೂ ರದ್ದಾಗಿದೆ ಎಂದಳಂತೆ. ಏಜಂಟನ ಫೋನು ಬಂದು. ಜೊತೆಯವರಿಂದ ಸಾಲ ಎತ್ತಿ ಬೇರೆ ಟಿಕೆಟು ತೆಗೆದು ಅವನು ಊರು ಮುಟ್ಟಿದ್ದು ಮೂರನೆಯ ದಿನ. ಚಿತೆಗೆ ದಾಯಾದಿಯ ಹುಡುಗ ಬೆಂಕಿ ಇಟ್ಟಾಗಿತ್ತು. ಇವನು ಒಬ್ಬನೇ ಮಗ. "ಆ ಕಾಗದ ಓದಲಿಕ್ಕೆ ನನಗೆ ಗೊತ್ತಿರಬೇಕಿತ್ತು ಭಾವ" ಎಂದನೇ ಹೊರತು ಏಜಂಟನನ್ನು ಬಯ್ಯಲಿಲ್ಲ. ಸಂಬಳದ ಚೀಟಿಯಲ್ಲಿ ಎಂಟಾಣೆಯ ತಪ್ಪು ಹಿಡಿಯುವ ನಮಗೂ ಅಂದು ಆ ಕಾಗದ ಓದಲು ಬರುತ್ತಿರಲಿಲ್ಲ.

ನಮ್ಮನ್ನು ಮೋಸಗೊಳಿಸುವುದು ರೈಲಿನ ಅಭ್ಯಾಸ. ರೈಲಿನಲ್ಲಿ ಹಣ ಕೊಟ್ಟ ಮೇಲೆಯೇ ಪಿ.ಎನ್.ಆರ್. ಹುಟ್ಟುತ್ತದೆ. ವಿಮಾನದಲ್ಲಿ ಹಾಗಲ್ಲ, ಅಲ್ಲಿ ಏಜಂಟನ ಕೈಯ ಪಿ.ಎನ್.ಆರ್. ಎಂದರೆ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದಂತೆಯೂ ಇರಬಹುದು. ಕಂಡಕ್ಟರು ಇನ್ನೂ ಚೀಟಿ ಹರಿದಿಲ್ಲ. ದೊಡ್ಡ ಕಂಪನಿಗಳಲ್ಲಿ ಹಣ ಸಂದು ಟಿಕೆಟು ತೆಗೆದ ಮೇಲೆ ಹದಿಮೂರು ಅಂಕೆಗಳ ಟಿಕೆಟು ನಂಬರು ಬರುತ್ತದೆ. ಅದರ ಮೊದಲ ಮೂರು ಅಂಕೆ ಕಂಪನಿಯ ಗುರುತು: ಏರ್ ಇಂಡಿಯಾಕ್ಕೆ 098, ಎಮಿರೇಟ್ಸಿಗೆ 176. ಅಗ್ಗದ ದರದ ಕಂಪನಿಗಳಲ್ಲಿ ಈ ನಂಬರು ಇಲ್ಲದಿರುವುದೂ ಉಂಟು. ಆಗ ಏಜಂಟನ ಹಾಳೆಯನ್ನು ನಂಬದೆ, ಕಂಪನಿಯ ಸ್ವಂತ ಜಾಲತಾಣದಲ್ಲಿ ಪಿ.ಎನ್.ಆರ್. ಮತ್ತು ಅಡ್ಡಹೆಸರು ಒತ್ತಿ, ಟಿಕೆಟು ಖಾಯಂ ಆಗಿದೆಯೆ ಎಂದು ನೋಡಬೇಕು. ಏಜಂಟನ ಎದುರಿಗೇ ನೋಡಬೇಕು, ಸಂಕೋಚ ಬೇಡ. ದರಗಳನ್ನು ಹತ್ತು ಕಡೆ ಹೋಲಿಸಿ ನೋಡಿ, ಕೊಳ್ಳುವಾಗ ಮಾತ್ರ ಕಂಪನಿಯಿಂದಲೇ ಕೊಳ್ಳುವುದು ನಮ್ಮ ಈಗಿನ ಪದ್ಧತಿ. ನೂರಿನ್ನೂರು ಹೆಚ್ಚಾದರೂ, ವಿಮಾನ ರದ್ದಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ.

ಇನ್ನು ಹೆಸರು. ಇದು ನಮ್ಮವರಿಗೆ ದೊಡ್ಡ ತೊಡಕು. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು ಎಂದು ಬರೆದುಕೊಂಡು ಬಂದ ನಮಗೆ ಅಡ್ಡಹೆಸರಿನ ಮನೆ ಕಂಡರೆ ಗಾಬರಿ. ಬ್ಯಾಂಕಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಟಿಕೆಟಿಗೆ ಪಾಸ್‌ಪೋರ್ಟಿನ ಹೆಸರೊಂದೇ ಲೆಕ್ಕ, ಅದೂ ಅಕ್ಷರಕ್ಕೆ ಅಕ್ಷರ. ಫೋಟೋ ಇರುವ ಪುಟದ ಅಡಿಯಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಷ್ಟೆ; ಮೇಲಿನ ಸಾಲಿನಲ್ಲಿ ದೇಶದ ಗುರುತಾದ ಮೇಲೆ ಅಡ್ಡಹೆಸರು, ಆಮೇಲೆ ಎರಡು ಬಾಣ, ಆಮೇಲೆ ಕೊಟ್ಟ ಹೆಸರು. ಅದನ್ನು ನೋಡಿಕೊಂಡೇ ತುಂಬಿರಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿದ್ದು ಒಂದೇ ಹೆಸರಿದ್ದರೆ ಮೊದಲೇ ವಿಚಾರಿಸಬೇಕು. 2022ರ ನವೆಂಬರಿನಲ್ಲಿ ಯು.ಎ.ಇ.ಯವರು ಅಂಥವರ ಭೇಟಿ ವೀಸಾ ನಡೆಯದೆಂದು ವಿಮಾನ ಕಂಪನಿಗಳ ಮೂಲಕ ತಿಳಿಸಿದರು. ಪಾಸ್‌ಪೋರ್ಟಿನ ಅವಧಿಯೂ ಆರು ತಿಂಗಳಿಗೆ ಕಡಿಮೆ ಉಳಿದಿರಬಾರದು.

ಹತ್ತನೆಯ ತರಗತಿ ದಾಟದ ನಮ್ಮ ಹೋಟೆಲಿನ ಹುಡುಗರಿಗೆ ಒಂದು ಮಾತು. ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂದಿದ್ದರೆ, ಗಲ್ಫಿಗೆ ನೌಕರಿಗೆ ಹೋಗುವ ಮುಂಚೆ ಸರಕಾರದ ವಲಸೆ ಅನುಮತಿ ಬೇಕು. "ಭೇಟಿ ವೀಸಾದಲ್ಲಿ ಹೋಗು, ಅಲ್ಲಿ ಕೆಲಸಕ್ಕೆ ಬದಲಿಸಿಕೊಡುತ್ತೇನೆ" ಎನ್ನುವವನ ಕೈಗೆ ಪಾಸ್‌ಪೋರ್ಟು ಕೊಡಬೇಡಿ.

ತಾರೀಕಿನ ಗೊಂದಲವೂ ಉಂಟು. ನಮ್ಮ ಪಂಚಾಂಗದಲ್ಲಿ ಸೂರ್ಯೋದಯಕ್ಕೆ ದಿನ ಬದಲಾದರೆ ವಿಮಾನದವರಿಗೆ ನಡುರಾತ್ರಿಗೇ ಬದಲು. 15ನೆಯ ತಾರೀಕು 00:40 ಎಂದು ಬರೆದಿದ್ದರೆ ಮನೆ ಬಿಡಬೇಕಾದುದು 14ರ ರಾತ್ರಿ. ನಮ್ಮ ಚಾಳಿನವರೊಬ್ಬರು 15ರ ರಾತ್ರಿ ಊಟ ಮುಗಿಸಿ ಹೊರಟು, ಹಾರಿಹೋದ ವಿಮಾನಕ್ಕೆ ಟ್ಯಾಕ್ಸಿಯ ಬಾಡಿಗೆ ಕೊಟ್ಟರು. ಹಾಗೆಯೇ, ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸುವ ಅಗ್ಗದ ದಾರಿ ಹಿಡಿದರೆ, ಎರಡೂ ಹಾರಾಟ ಒಂದೇ ಟಿಕೆಟಿನಲ್ಲಿವೆಯೆ ಎಂದು ನೋಡಿಕೊಳ್ಳಿ. ಬೇರೆ ಬೇರೆ ಟಿಕೆಟಾದರೆ ಮೊದಲ ವಿಮಾನ ತಡವಾದುದಕ್ಕೆ ಎರಡನೆಯವರು ಹೊಣೆಯಲ್ಲ; ಪೆಟ್ಟಿಗೆ ಬಿಡಿಸಿಕೊಳ್ಳಲು ಆ ದೇಶದ ವೀಸಾ ಕೂಡ ಬೇಕಾದೀತು.

ಪೆಟ್ಟಿಗೆಯ ವಿಚಾರದಲ್ಲಿ ನಮ್ಮ ಮನೆಯಲ್ಲೇ ಜಗಳವಾಯಿತು. ತಮ್ಮನಿಗೆ ಪಾಯಸ ಮಾಡಿ ಬಡಿಸಲೆಂದು ಮನೆಯವಳು ಗಸಗಸೆಯ ಪೊಟ್ಟಣ ಕಟ್ಟಿದ್ದಳು. ಯು.ಎ.ಇ.ಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ; ಸಿಕ್ಕಿದರೆ ಸೆರೆಮನೆಯ ಮಾತು. ವೀಳ್ಯದೆಲೆಗೂ ನಿಷೇಧ. ಒಣಕೊಬ್ಬರಿಯನ್ನು ತೂಕಕ್ಕೆ ಹಾಕುವ ಪೆಟ್ಟಿಗೆಯಲ್ಲಿಡಲು ನಮ್ಮ ದೇಶದವರೇ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಹಿಡಿದೀತೆಂದು. ನೆರೆಯವರು "ಇದೊಂದು ಸಣ್ಣ ಕಟ್ಟು ನನ್ನ ಮಗನಿಗೆ" ಎಂದು ತಂದರೆ, ಬಿಚ್ಚಿ ನೋಡದೆ ಒಯ್ಯಬೇಡಿ. ಮನಸ್ತಾಪವಾದರೆ ಆಗಲಿ. ಕೆಮ್ಮಿನ ಔಷಧ, ನೋವಿನ ಮಾತ್ರೆಗಳಲ್ಲಿಯೂ ಕೆಲವಕ್ಕೆ ಅಲ್ಲಿ ಕಟ್ಟುನಿಟ್ಟಿದೆ; ವೈದ್ಯರ ಚೀಟಿ ಜೊತೆಗಿರಲಿ, ಹೋಗುವ ಮೊದಲೇ ಕೇಳಿಕೊಂಡಿರಲಿ.

ದುಬಾಯಿ ಹೇಗಿತ್ತು ಎಂದು ಕೇಳುವಿರಿ. ಎತ್ತರದ ಕಟ್ಟಡಗಳನ್ನು ಚಿತ್ರದಲ್ಲಿ ನೀವೂ ನೋಡಿದ್ದೀರಿ. ಅಲ್ಲಿ ಕತ್ತು ನೋಯಿಸಿಕೊಂಡದ್ದು ಬಿಟ್ಟರೆ ಹೇಳುವಂಥದೇನಿಲ್ಲ. ನಮಗೆ ಹಿಡಿಸಿದ್ದು ಹಳೆಯ ಊರಿನ ಖಾರಿ. ಅಬ್ರಾ ಎಂಬ ಮರದ ದೋಣಿಯಲ್ಲಿ ಒಂದು ದಿರ್ಹಮಿಗೆ ಈ ದಡದಿಂದ ಆ ದಡಕ್ಕೆ ದಾಟಿದೆವು. ದಡದುದ್ದಕ್ಕೂ ಸರಕಿನ ಹಡಗುಗಳು, ಫ್ರಿಜ್ಜು, ಟಯರು, ಗೋಣಿಚೀಲ. ಮಲ್ಪೆಯ ದಕ್ಕೆಯನ್ನು ಕಂಡಿದ್ದ ಮನೆಯವಳು ಅಲ್ಲಿಂದ ಏಳಲೊಲ್ಲಳು. 2009ರಲ್ಲಿ ಆರಂಭವಾದ ಅಲ್ಲಿಯ ಮೆಟ್ರೋ ರೈಲಿನಲ್ಲಿ ಹೆಂಗಸರ ಜಾಗಕ್ಕೆ ಗೋಡೆಯಿಲ್ಲ, ನೆಲದ ಮೇಲೆ ಗುಲಾಬಿ ಬಣ್ಣದ ಗೆರೆಯೊಂದೇ. ಗಂಡಸರು ದಾಟಿದರೆ ದಂಡ. ಮುಂಬಯಿ ಲೋಕಲಿನ ನೂಕಾಟ ತಿಂದ ನಾವು ಆ ಗೆರೆಯ ಈಚೆ ಶಾಲೆಯ ಹುಡುಗನಂತೆ ನಿಂತಿದ್ದೆವು.

ಭಾವಮೈದುನನಿರುವ ಕೆಲಸಗಾರರ ವಸತಿಯಿರುವ ಜಾಗವನ್ನು ನಮ್ಮ ಜನ ಸೋನಾಪುರ ಎನ್ನುತ್ತಾರೆ. ಮುಂಬಯಿಯ ಹಳಬರಿಗೆ ಸೋನಾಪುರವೆಂದರೆ ಮರೀನ್ ಲೈನ್ಸ್ ಬದಿಯ ಮಸಣ. ಹೆಸರು ಕೇಳಿ ನಮಗೆ ಮೈ ಜುಮ್ಮೆಂದಿತು. ರವಿವಾರ ಸಂಜೆ ಗೇಟಿನ ಬಳಿ ನಿಂತು ನೋಡಿದೆವು. ಸಾಲು ಸಾಲು ಕಟ್ಟಡ, ಕಂಬಿಗಳ ಮೇಲೆ ಒಣಹಾಕಿದ ಒಂದೇ ಬಣ್ಣದ ಅಂಗಿಗಳು, ಊರಿಗೆ ಫೋನು ಹಚ್ಚಿ ಮೂಲೆ ಮೂಲೆಯಲ್ಲಿ ನಿಂತ ಗಂಡಸರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ದುಡಿಸಬಾರದೆಂದು ಅಲ್ಲಿ ಕಾನೂನಿದೆ. ಅದಕ್ಕೆ ಬೆಳಗಿನ ಬಸ್ಸು ಕತ್ತಲಲ್ಲೇ ಬರುತ್ತದೆ ಎಂದ ಅವನು. ಗಿರಣಿಯ ಮೊದಲ ಪಾಳಿಯ ಭೋಂಗಾ ನಮಗೆ ನೆನಪಾಯಿತು.

ಹೊರಡುವ ದಿನ ನಿಲ್ದಾಣದಲ್ಲಿ ನಮ್ಮ ಕಾಗದವನ್ನು ಅವನೇ ತೆಗೆದುಕೊಂಡು, ಹದಿಮೂರು ಅಂಕೆಗಳನ್ನು ಬೆರಳಿಟ್ಟು ಎಣಿಸಿದ. ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನೊಡನೆ ತಾಳೆ ನೋಡಿದ. "ಎಲ್ಲ ಸರಿ ಉಂಟು ಭಾವ, ಹೋಗಿ" ಎಂದ. ಅಕ್ಕ ಅಳತೊಡಗಿದ್ದಳು; ಅವನು ಕಾಗದವನ್ನು ಇನ್ನೊಮ್ಮೆ ನೋಡಿ ನಮ್ಮ ಕೈಗಿತ್ತ.

ಟಿಕೆಟು ತೋರಿಸಿಕೊಳ್ಳಬೇಕೆಂಬವರು ರವಿವಾರ ಸಂಜೆ ಪುಸ್ತಕ ಬದಲಾಯಿಸುವ ವೇಳೆಗೆ ಬರಬಹುದು. ಹಣ ಕೊಡುವ ಮೊದಲು ಬನ್ನಿ, ಪಾಸ್‌ಪೋರ್ಟು ಜೊತೆಗಿರಲಿ.